ಮಾದರಿಯ ಮೂರು ಡಬ್ಬಿ

ಮೂಗಿನೊಳಗೆ ಹೋಗಿಬಂದ ಹತ್ತಿಕಡ್ಡಿ ಇನ್ನೂ ಅಲ್ಲೇ ಇದೆಯೆಂದು ಅವಳಿಗೆ ಅನ್ನಿಸುತ್ತಿತ್ತು. ಅದಾಗಿ ಐದು ದಿನ ಕಳೆದಿದ್ದರೂ ಎಡ ಹೊಳ್ಳೆಯ ಮೇಲೆ, ಬೆರಳು ಮುಟ್ಟದ ಜಾಗದಲ್ಲಿ, ಒದ್ದೆ ನೂಲೊಂದು ಸುತ್ತಿಕೊಂಡು ಕೂತಂತಿತ್ತು. ಬಲ್ಬ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಒಲೆ ಆರಿಯೂ ಅಷ್ಟೇ ದಿನವಾಗಿತ್ತು. ಆದರೂ ಅಡುಗೆಮನೆಯ ಐದು ಜನವೂ ದಿನಾ ಬಂದು ಕೂರಬೇಕೆಂದು ಸೂಪರ್‌ವೈಸರ್ ಹೇಳಿದ್ದ. ಬಂದು, ತೊಳೆದು ಒಣಗಿದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು. ಅವಳು ತೊಟ್ಟಿಯ ಮುಂದೆ ನಿಂತು ಸೌಟುಗಳನ್ನು ಉಜ್ಜುತ್ತಿದ್ದಳು. ಉಜ್ಜುವಾಗ ಆ ಬುಧವಾರದ ಮಧ್ಯಾಹ್ನ ತಾನಾಗಿ ಎದುರಿಗೆ ಬಂದು ನಿಲ್ಲುತ್ತಿತ್ತು. ಟ್ಯೂಬ್‌ಲೈಟಿನ ಕೆಳಗೆ ಐದು ಜನರ ಸಾಲು, ಕಿಟಕಿಗೆ ಹಣೆ ಒತ್ತಿ ನೋಡುತ್ತಿದ್ದ ಪ್ಯಾಕಿಂಗ್ ವಿಭಾಗದವರು, ರಬ್ಬರ್ ಕೈಗವಸು ಹಾಕಿಕೊಂಡ ಒಬ್ಬ ಯುವಕ. 'ತಲೆ ಎತ್ತಮ್ಮ' ಎಂದಿದ್ದ. ಕಡ್ಡಿಯನ್ನು ಒಳಗಿಟ್ಟು ಎರಡು ಸುತ್ತು ತಿರುಗಿಸಿದ್ದ. ಹೊರಗೆ ಬಂದ ಕಡ್ಡಿಯ ತುದಿಯಿಂದ ಅವಳ ತುಟಿಯ ತನಕ ಸಣ್ಣ ಎಳೆಯೊಂದು ಜೋತು, ಬೆಳಕಿಗೆ ಹೊಳೆದು, ಕಡಿದುಹೋಗಿತ್ತು. ಅವನು ಅದನ್ನು ಕೊಳವೆಗೆ ಹಾಕಿ ಮುಚ್ಚಿ ಅವಳ ಹೆಸರು ಬರೆದುಕೊಂಡ. ಅವಳ ಮುಖ ನೋಡಲಿಲ್ಲ. ಕಿಟಕಿಯ ಆಚೆ ಮಾತ್ರ ಎಲ್ಲರೂ ನೋಡಿದ್ದರು.

ಅಂದಿನಿಂದ ಅವಳ ಕಣ್ಣಿಗೆ ಲೋಕವೆಲ್ಲ ಒದ್ದೆಯಾಗಿಬಿಟ್ಟಿತ್ತು. ಲೋಟದ ಅಂಚಿನಲ್ಲಿ ತುಟಿಯ ಗುರುತು, ಬಾಗಿಲ ಹಿಡಿಯ ಮೇಲೆ ಬೆವರಿನ ಮಬ್ಬು, ಮಾತಾಡುವವರ ಬಾಯ ಮೂಲೆಯಲ್ಲಿ ಕೂಡಿ ಒಡೆಯುವ ಬಿಳಿ ನೊರೆ. ಮನೆಯಲ್ಲಿ ತಮ್ಮ ಕೆಮ್ಮಿದರೆ ಬಾಗಿಲ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಕಡ್ಡಿಯಲ್ಲಿ ಸಿಕ್ಕಂಥ ಕ್ರಿಮಿ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದ್ದೇ ಇರುತ್ತೆ, ಅದಕ್ಕೆ ಯಾರೂ ನಾಚಿಕೊಳ್ಳಬೇಕಾಗಿಲ್ಲ ಎಂದು ತನಿಖೆಗೆ ಬಂದಿದ್ದ ಆರೋಗ್ಯ ಇಲಾಖೆಯ ಅಧಿಕಾರಿ ಮೇಡಂ ಎಲ್ಲರನ್ನೂ ಕೂರಿಸಿಕೊಂಡು ಹೇಳಿದ್ದರು. ಐವರಲ್ಲಿ ಮೂವರಿಗೆ ಇತ್ತು: ಅವಳಿಗೆ, ತರಕಾರಿ ಹೆಚ್ಚುವವನಿಗೆ, ಮುಖ್ಯ ಅಡುಗೆಯವಳಾದ ಅವಳ ದೊಡ್ಡಮ್ಮನಿಗೆ. ತರಕಾರಿಯವನು ಅದನ್ನೂ ತಮಾಷೆ ಮಾಡಿಕೊಂಡಿದ್ದ. ಇಷ್ಟು ವರ್ಷ ಬಾಡಿಗೆ ಇಲ್ಲದೆ ಇಟ್ಟುಕೊಂಡಿದ್ದೀನಿ, ಈಗ ಖಾಲಿ ಮಾಡಿ ಅಂದರೆ ಎಲ್ಲಿಗೆ ಹೋಗಬೇಕು ಪಾಪ, ಎಂದು. ದೊಡ್ಡಮ್ಮ ನಗಲಿಲ್ಲ. ತನ್ನ ಎರಡು ಕೈಗಳನ್ನೂ ಮಡಿಲಲ್ಲಿ ಅಂಗಾತ ಇಟ್ಟುಕೊಂಡು, ಯಾರದೋ ಕೈ ನೋಡುವಂತೆ ನೋಡುತ್ತಾ ಕೂತಿದ್ದಳು.

ಕೇಡೆಲ್ಲ ಆ ಕೈಗಳದ್ದು ಎಂದು ಕಾರ್ಖಾನೆಯಲ್ಲಿ ತೀರ್ಮಾನವಾಗಿತ್ತು. ಮಂಗಳವಾರ ಮಧ್ಯಾಹ್ನ ಉಂಡವರಲ್ಲಿ ನಲವತ್ತೊಂದು ಜನ ಬುಧವಾರ ಬೆಳಗಿನ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮಲಗಿದ್ದರು. ಗಾಜಿನ ವಿಭಾಗದ ಒಬ್ಬಳಿಗೆ ಆಸ್ಪತ್ರೆಯಲ್ಲಿ ಇನ್ನೂ ಜ್ವರ ಬಿಟ್ಟಿರಲಿಲ್ಲ. ಕ್ಯಾಂಟೀನಿನಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಊಟದಲ್ಲೂ ಬಡಿಸುತ್ತಿರುವಾಗಲೇ ಒಂದೊಂದು ಅಡುಗೆಯನ್ನು ಒಂದೊಂದು ಸೌಟು ತೆಗೆದು, ಕುದಿಸಿದ ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ, ಫ್ರಿಜ್ಜಿನಲ್ಲಿ ಮೂರು ದಿನ ಇಡಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ಪರೀಕ್ಷೆಗೆ ಇರಲಿ ಎಂದು ಇಡುವ ಮಾದರಿ ಅದು. ಬುಧವಾರ ಬಂದವರು ಮಂಗಳವಾರದ ಮೂರು ಡಬ್ಬಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಮೂರರಲ್ಲೂ ಮೂಗಿನ ಕ್ರಿಮಿ ಲಕ್ಷಗಟ್ಟಲೆ ಇತ್ತು. ದೊಡ್ಡಮ್ಮ ಉಪ್ಪು ಖಾರ ನೋಡುವುದು ಅಂಗೈಗೆ ಹಾಕಿಕೊಂಡು ನೆಕ್ಕಿ. ಇಪ್ಪತ್ತೆರಡು ವರ್ಷ ಹಾಗೆಯೇ ನೋಡಿದ್ದಾಳೆ. ಆಮೇಲೆ ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಎಲ್ಲರೂ ನೋಡಿದ್ದದ್ದೇ. ಡಬ್ಬಿಯ ಲೆಕ್ಕ ಬಂದಮೇಲೆ ಅದು ಎಲ್ಲರಿಗೂ ಹೊಸದಾಗಿ ನೆನಪಾಯಿತು. ಶನಿವಾರ ನೀರಿಗೆ ಬಂದ ಪ್ಯಾಕಿಂಗಿನವಳೊಬ್ಬಳು ದೊಡ್ಡಮ್ಮ ಕೊಟ್ಟ ಲೋಟವನ್ನು ತೆಗೆದುಕೊಂಡು, ಕುಡಿಯದೆ, ಮೇಜಿನ ಮೇಲೆ ಇಟ್ಟು ಹೋದಳು. ಇಟ್ಟ ಬೆರಳುಗಳನ್ನು ಹೋಗುತ್ತಾ ಗೋಡೆಗೆ ಒರೆಸಿದಳು. ಅಂದಿನಿಂದ ದೊಡ್ಡಮ್ಮ ನೆಲಕ್ಕೆ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ ಕೈ ತೊಳೆಯಲು ಶುರುಮಾಡಿದ್ದಳು. ಬೆರಳ ಸಂದಿಯ ಚರ್ಮ ಸುಲಿದು ಹಸಿ ಹಸಿಯಾಗಿತ್ತು. ರಾತ್ರಿ ಮನೆಯಲ್ಲಿ, ಅವಳ ಪಕ್ಕದಲ್ಲೇ ಕೂತು, ಊಟವನ್ನು ಚಮಚದಲ್ಲಿ ಮಾಡುತ್ತಿದ್ದಳು.

ಅವಳು ಇದನ್ನೆಲ್ಲ ನೋಡುತ್ತಿದ್ದಳು. ನೋಡುವುದೊಂದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಎಂಟನೇ ತರಗತಿಗೆ ಶಾಲೆ ಬಿಟ್ಟು ಮನೆಯ ಮೂಲೆಯಲ್ಲಿ ಕೂತಿದ್ದವಳನ್ನು, ನಮ್ಮ ಹುಡುಗಿ, ಬಾಯಿ ಇಲ್ಲ, ಆದರೆ ಅಕ್ಷರ ಮುತ್ತಿನಂಥದು ಎಂದು ಹೇಳಿ ಇಲ್ಲಿಗೆ ತಂದು ನಿಲ್ಲಿಸಿದವಳು ದೊಡ್ಡಮ್ಮನೇ. ಆ ಅಕ್ಷರಕ್ಕಾಗಿಯೇ ಮಾದರಿಯ ಕೆಲಸ ಅವಳಿಗೆ ಬಂತು. ಅಡುಗೆಯ ಹೆಸರು, ತಾರೀಕು, ತೆಗೆದ ಹೊತ್ತು, ತೆಗೆದವರ ಹೆಸರು. ಅಡುಗೆಮನೆಯಲ್ಲಿ ಅವಳನ್ನು ಲೇಬಲ್ಲು ಎಂದೇ ಕರೆಯುತ್ತಿದ್ದರು. ಚೀಟಿಗಳನ್ನು ಅವಳು ಬೆಳಿಗ್ಗೆಯೇ ಬರೆದಿಡುತ್ತಿದ್ದಳು, ಆಮೇಲೆ ಗಡಿಬಿಡಿಯಲ್ಲಿ ಅಕ್ಷರ ಕೆಡುತ್ತದೆಂದು. ಅನ್ನ, ಹನ್ನೆರಡೂವರೆ. ಬೇಳೆ, ಹನ್ನೆರಡೂವರೆ. ಆಲೂಗಡ್ಡೆ ಮೊಟ್ಟೆ ಪಲ್ಯ, ಹನ್ನೆರಡೂವರೆ. ಆ ಮಂಗಳವಾರ ಅವಳಿಗೆ ನೆಗಡಿ. ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವನೊಬ್ಬ, ಲೇಬಲ್ಲಮ್ಮಾ, ಮೂಗು ಸೋರ್ತಾ ಇದೆ, ನಲ್ಲಿ ತಿರುಗಿಸಿಕೋ ಎಂದ. ಅವನ ಹಿಂದಿನ ಹತ್ತು ಜನ ನಕ್ಕರು. ಅವಳು ಸೌಟನ್ನು ಅಲ್ಲೇ ಬಿಟ್ಟು ತೊಟ್ಟಿಯ ಕಡೆಗೆ ಓಡಿದಳು. ಮುಖ ಸುಡುತ್ತಿತ್ತು. ಬಡಿಸುವುದು ಮುಗಿಯುವವರೆಗೂ ತಟ್ಟೆ ತೊಳೆಯುತ್ತಾ ನಿಂತಳು, ಗೋಡೆಗೆ ಮುಖ ಮಾಡಿ.

ಅವಳು ಉಣ್ಣುತ್ತಿದ್ದುದು ಎಲ್ಲರದೂ ಆದಮೇಲೆ, ಬಾಯ್ಲರಿನ ಹಿಂದಿನ ಕಿಟಕಿಯ ಹತ್ತಿರ, ಯಾರಿಗೂ ಬಾಯಿ ಕಾಣಿಸದಂತೆ. ಅವತ್ತು ಪಲ್ಯ ಖಾಲಿಯಾಗಿತ್ತು. ದೊಡ್ಡಮ್ಮ, ಬರಿ ಬೇಳೆಯಲ್ಲಿ ಉಣ್ತೀಯಾ ಎಂದು ಗದರಿ, ಎರಡು ಆಲೂಗಡ್ಡೆಗೆ ಒಂದು ಮೊಟ್ಟೆ ಒಡೆದು ಸಣ್ಣ ಬಾಣಲೆಯಲ್ಲಿ ಕೆಂಪಗೆ ಹುರಿದು ಕೊಟ್ಟಿದ್ದಳು. ನಾಲಗೆಗೆ ರುಚಿಯೇ ಇರಲಿಲ್ಲ. ಅರ್ಧ ಉಂಡು, ಬೇಳೆಯ ಬಟ್ಟಲಿಗೆ ತುಟಿ ಹಚ್ಚಿ ಅರ್ಧ ಕುಡಿದು, ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗೋಡೆಗೊರಗಿ ತೂಕಡಿಸಿದಳು. ಎಚ್ಚರವಾದಾಗ ಮೂರೂವರೆ. ಎದ್ದು ಬಂದು ನೋಡಿದರೆ ಕಪಾಟಿನ ಮೇಲೆ ಮೂರು ಡಬ್ಬಿಗಳು ಬಾಯಿ ತೆರೆದುಕೊಂಡು ಕೂತಿದ್ದವು. ಒಂದೊಂದರ ಹೊಟ್ಟೆಗೂ ಅವಳ ಮುತ್ತಿನಂಥ ಅಕ್ಷರ. ದೊಡ್ಡ ಪಾತ್ರೆಗಳೆಲ್ಲ ತೊಳೆದು ಬೋರಲು ಹಾಕಿಯಾಗಿತ್ತು. ಮರೆತೆ ಎಂದು ಹೇಳಬಹುದಿತ್ತು. ಹೇಳಿದರೆ ಸೂಪರ್‌ವೈಸರ್ ಏಕೆ ಮರೆತೆ ಎನ್ನುತ್ತಿದ್ದ. ಆಗ ಮೂಗಿನ ಮಾತು, ನಲ್ಲಿಯ ಮಾತು, ಎಲ್ಲರ ಎದುರು. ಅವಳು ಒಂದು ಚಮಚವನ್ನು ಕುದಿಯುವ ನೀರಿನಲ್ಲಿ ಐದು ನಿಮಿಷ ಕುದಿಸಿದಳು, ನಿಯಮದಂತೆ. ಆ ಶುದ್ಧ ಚಮಚದಿಂದ ತನ್ನ ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ಕೆರೆದು ಮೊದಲ ಡಬ್ಬಿಗೆ ಹಾಕಿದಳು. ಬಟ್ಟಲಿನ ಬೇಳೆಯನ್ನು ಎರಡನೆಯದಕ್ಕೆ ಸುರಿದಳು. ಅನ್ನದೊಳಗೆ ಸೇರಿಹೋಗಿದ್ದ ಆಲೂಗಡ್ಡೆಯ ತುಂಡುಗಳನ್ನು, ಮೊಟ್ಟೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ಮೂರನೆಯದಕ್ಕೆ. ಒಂದು ತುಂಡಿನ ಮೇಲೆ ಹಲ್ಲಿನ ಗುರುತಿತ್ತು. ಅದನ್ನು ಚಮಚದ ಬೆನ್ನಿನಿಂದ ಅದುಮಿ ಅಳಿಸಿದಳು. ಫ್ರಿಜ್ಜಿನ ಎದುರಿಗೇ ಸೂಪರ್‌ವೈಸರ್ ಕೂತಿದ್ದ. ಅವನು ಎದ್ದು ಹೋದದ್ದು ಆರು ಗಂಟೆಗೆ. ಅಲ್ಲಿಯತನಕ ಡಬ್ಬಿಗಳು ಬಾಯ್ಲರಿನ ಹಿಂದಿನ ಆ ಬೆಚ್ಚನೆಯ ಕಟ್ಟೆಯ ಮೇಲೇ ಇದ್ದವು.

ಯಾರ ಹೊಟ್ಟೆಗೂ ಹೋಗದ ಅನ್ನ ಅದು. ಆದರೂ ಅದನ್ನು ದೊಡ್ಡ ಊರಿನ ಯಾವುದೋ ಬಿಳಿ ಕೋಣೆಯಲ್ಲಿ ಯಾರೋ ತೆರೆದು, ಮೂಸಿ, ಗಾಜಿನ ತಟ್ಟೆಗಳಿಗೆ ಸವರಿ, ಬೆಚ್ಚಗಿಟ್ಟು ಬೆಳೆಸಿದ್ದಾರೆ. ಅವಳ ಬಾಯಿ, ಅವಳ ಮೂಗು, ಅವಳು ಹಿಂಗೈಯಲ್ಲಿ ಒರೆಸಿಕೊಂಡ ಸಿಂಬಳ, ಹಳದಿ ಚುಕ್ಕೆಗಳಾಗಿ ಬೆಳೆದು ನಿಂತಿದೆ. ಎಣಿಸಿದ್ದಾರೆ. ಬೆತ್ತಲೆ ನಿಲ್ಲಿಸಿ ನೋಡಿದ್ದರೂ ಇಷ್ಟು ಅನ್ನಿಸುತ್ತಿರಲಿಲ್ಲ. ಕದ್ದಿದ್ದೇನೆ ಎಂದು ಹೇಳುವುದಾಗಿದ್ದರೆ ಎಂದೋ ಹೇಳಿಬಿಡುತ್ತಿದ್ದಳು. ಕಳ್ಳಿ ಎನ್ನುವುದರಲ್ಲಿ ಒಂದು ಗತ್ತಾದರೂ ಇದೆ. ಕೊಳಕಿ ಎನ್ನುವುದಕ್ಕೆ ಏನಿದೆ?

ಹತ್ತು ಗಂಟೆಗೆ ಮೇಡಂ ಅವಳನ್ನು ಕರೆಸಿದರು. ಊಟದ ಹಾಲಿನ ಮೂಲೆಯ ಮೇಜಿನಲ್ಲಿ ಕಾಗದಗಳನ್ನು ಹರಡಿಕೊಂಡು ಕೂತಿದ್ದರು. ಸಣ್ಣ ಮೈಕಟ್ಟಿನ ಹೆಂಗಸು. ಯೋಚಿಸುವಾಗ ಹೆಬ್ಬೆರಳ ಉಗುರಿನ ಪಕ್ಕದ ಸಿಪ್ಪೆಯನ್ನು ಹಲ್ಲಿನಲ್ಲಿ ಎಳೆಯುತ್ತಿದ್ದರು. ಕ್ರಿಮಿಗಳನ್ನೇ ಓದಿದವರು ಬೆರಳು ಬಾಯಿಗಿಡುವುದನ್ನು ನೋಡಿ ಅವಳಿಗೆ ವಾಕರಿಕೆ ಬಂದಂತಾಯಿತು. ಕಣ್ಣು ಕೀಳಲು ಆಗಲಿಲ್ಲ. ಯಾರ ತಪ್ಪು ಎಂದು ಹುಡುಕುವುದು ತಮ್ಮ ಕೆಲಸವಲ್ಲ ಎಂದು ಮೇಡಂ ಹೇಳಿದರು. ಒಬ್ಬರು ಎಷ್ಟು ತಿಂದರು, ಆ ತುತ್ತಿನಲ್ಲಿ ಎಷ್ಟು ಕ್ರಿಮಿ ಇತ್ತು, ಅಷ್ಟಕ್ಕೆ ಎಷ್ಟು ಜನ ಮಲಗಬಹುದು, ನಾಳೆ ಈ ಅಡುಗೆಮನೆ ಬಾಗಿಲು ತೆರೆದರೆ ಏನಾಗಬಹುದು, ಇಷ್ಟನ್ನು ಅಂದಾಜು ಮಾಡಬೇಕು. ಆದರೆ ಅಂದಾಜು ಕೂಡಿಬರುತ್ತಿಲ್ಲ.

'ಈ ಡಬ್ಬೀಲಿರೋ ಕ್ರಿಮಿ ತಿಂದರೆ ನಾಲ್ಕೈದು ಗಂಟೆ ಒಳಗೇ ವಾಂತಿ ಶುರುವಾಗಬೇಕು. ಇವರೆಲ್ಲ ಮಲಗಿದ್ದು ಮರುದಿನ, ಜ್ವರ ಬೇರೆ. ಮೊಟ್ಟೆ ಪಲ್ಯ ಮುಟ್ಟದೋರು ಒಬ್ಬರೂ ಮಲಗಿಲ್ಲ. ಅನ್ನದ ಡಬ್ಬೀಲೂ ಅಷ್ಟೇ ಕ್ರಿಮಿ, ಬೇಳೆ ಡಬ್ಬೀಲೂ ಅಷ್ಟೇ. ಬೇರೆ ಬೇರೆ ಪಾತ್ರೆ ಅಲ್ವಾ ಅವು?'

ಅವಳು ತಲೆಯಾಡಿಸಿದಳು.

'ನೀನು ಹೇಗೆ ತೆಗೆದೆ, ಒಂದು ಸಲ ಹೇಳು. ನಿಧಾನವಾಗಿ.'

ಹನ್ನೆರಡೂವರೆಗೆ, ಕುದಿಸಿದ ಚಮಚದಲ್ಲಿ, ಒಂದೊಂದು ಪಾತ್ರೆಯಿಂದ, ಎಂದು ಅವಳು ಹೇಳಿದಳು. ಮಾತು ನೆಟ್ಟಗೆ ಬಂತು. ಮೇಡಂ ಬರೆದುಕೊಂಡರು. ಅಕ್ಷರ ತುಂಬಾ ಚೆನ್ನಾಗಿದೆ, ಎಲ್ಲಾ ಕಡೆ ಹೀಗೆ ಬರೆದಿಟ್ಟರೆ ನಮ್ಮ ಕೆಲಸ ಎಷ್ಟು ಸುಲಭ ಎಂದರು. ಅವಳು ಎದ್ದು ಬಂದಳು. ಬರುವಾಗ ಉಗ್ರಾಣದ ಬಾಗಿಲು ತೆರೆದಿತ್ತು. ಒಳಗೆ ಮಂಗಳವಾರದ್ದೇ ಏಳು ಟ್ರೇ ಮೊಟ್ಟೆ ಉಳಿದಿದ್ದವು. ಒಂದೆರಡು ಬಿರುಕು ಬಿಟ್ಟು, ಸೋರಿ, ಕಂದು ಗೆರೆಗಳಾಗಿ ಒಣಗಿದ್ದವು. ನಾಳೆ ಹೊಸ ಅಡುಗೆಯವನು ಬರುತ್ತಾನಂತೆ, ಅವಕ್ಕೂ ಗತಿ ಕಾಣಿಸುತ್ತಾನೆ ಎಂದು ತರಕಾರಿಯವನು ಮೂಗು ಮುಚ್ಚಿಕೊಂಡು ಹೇಳಿದ. ಅವಳು ಕೇಳಿಸಿಕೊಂಡಳು. ಕೇಳಿಸಿಕೊಂಡು ಮತ್ತೆ ತೊಟ್ಟಿಗೆ ಹೋಗಿ ಸೌಟು ಹಿಡಿದಳು. ಮೊಟ್ಟೆಯಿಂದ ಆದದ್ದು ಎಂದು ಈಗ ಅವಳಿಗೆ ಗೊತ್ತು. ಗೊತ್ತಿರುವುದು ಅವಳೊಬ್ಬಳಿಗೇ. ಈ ಗೊತ್ತು ಗಂಟಲಲ್ಲಿ ಕಫದಂತೆ ನಿಂತಿತ್ತು. ನುಂಗಿದರೂ ಅಸಹ್ಯ, ಉಗಿದರೂ ಅಸಹ್ಯ.

ಮಧ್ಯಾಹ್ನ ಬ್ರೆಡ್ಡು ಬಾಳೆಹಣ್ಣು ಹಂಚಿ ಆದಮೇಲೆ ಸೂಪರ್‌ವೈಸರ್ ಒಂದು ಕಾಗದ ತಂದು ದೊಡ್ಡಮ್ಮನ ಮುಂದಿಟ್ಟ. ಒರಟನಲ್ಲ ಅವನು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತು, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ, ವಯಸ್ಸಾಯ್ತು, ನೀವೇ ಬಿಟ್ಟ ಹಾಗೆ ಆದರೆ ಮರ್ಯಾದೆ, ಐದು ಗಂಟೆಗೆ ಮೇಲಿನವರಿಗೆ ಕಳಿಸಬೇಕು ಎಂದು ತಗ್ಗಿದ ದನಿಯಲ್ಲಿ ಹೇಳಿದ. ಕಾಗದವನ್ನು ಕೈಗೆ ಕೊಡದೆ ಮೇಜಿನ ಮೇಲೆ ಸರಿಸಿದ. ಪೆನ್ನನ್ನೂ ಹಾಗೆಯೇ. ದೊಡ್ಡಮ್ಮ ಅವೆರಡನ್ನೂ ನೋಡಿದಳು.

'ಕನ್ನಡಕ ಮನೇಲೇ ಮರೆತು ಬಂದೆ,' ಎಂದಳು. 'ಲೇ, ಬಾ ಇಲ್ಲಿ. ಏನು ಬರೆದಿದ್ದಾರೋ ಓದು. ಗಟ್ಟಿಯಾಗಿ ಓದು, ಎಲ್ಲರೂ ಕೇಳಲಿ.'

ಅವಳು ಕೈ ಒರೆಸಿಕೊಂಡು ಬಂದಳು. ಕಾಗದದಿಂದ ಹೊಸ ಶಾಯಿಯ ವಾಸನೆ, ದೊಡ್ಡಮ್ಮನಿಂದ ಬ್ಲೀಚಿಂಗ್ ಪುಡಿಯ ವಾಸನೆ. ಇಪ್ಪತ್ತೆರಡು ವರ್ಷದಿಂದ ಈ ಕ್ಯಾಂಟೀನಿನಲ್ಲಿ ಕೆಲಸ ಮಾಡುತ್ತಿರುವ ನಾನು, ಎಂದು ಓದಿದಳು. ಅಡುಗೆಯನ್ನು ಅಂಗೈಯಲ್ಲಿ ನೆಕ್ಕಿ ರುಚಿ ನೋಡುವ ನನ್ನ ಕೊಳಕು ಅಭ್ಯಾಸದಿಂದ. ಅಲ್ಲಿಗೆ ಅವಳ ದನಿ ನಿಂತಿತು. ಮುಂದೆ ಓದು ಎಂದಳು ದೊಡ್ಡಮ್ಮ. ನನ್ನ ಕೊಳಕು ಅಭ್ಯಾಸದಿಂದ, ಎಂದು ಅವಳು ಮತ್ತೆ ಓದಿದಳು. ಕೊಳಕು ಎಂಬ ಮಾತು ಅವಳ ಬಾಯಲ್ಲೇ ಎರಡು ಸಲ ಹುಟ್ಟಿ ದೊಡ್ಡಮ್ಮನ ಮುಖದ ಮೇಲೆ ಹೋಗಿ ಬಿತ್ತು. ದೊಡ್ಡಮ್ಮ ಅದನ್ನು ಒರೆಸಿಕೊಳ್ಳಲೂ ಇಲ್ಲ. ತಪ್ಪಿಲ್ಲ ಬಿಡು, ಇರೋದನ್ನೇ ಬರೆದಿದ್ದಾರೆ ಎಂದು ಪೆನ್ನು ತೆಗೆದುಕೊಳ್ಳಲು ಕೈ ಚಾಚಿದಳು. ಚಾಚಿ, ಅರ್ಧದಲ್ಲೇ ನಿಲ್ಲಿಸಿ, ಪೆನ್ನು ಸೂಪರ್‌ವೈಸರನದೆಂದು ನೆನಪಾದವಳಂತೆ, ಮೊದಲು ಬೆರಳುಗಳನ್ನು ಸೆರಗಿಗೆ ಒತ್ತಿ ಒತ್ತಿ ಒರೆಸತೊಡಗಿದಳು. ಸುಲಿದ ಚರ್ಮಕ್ಕೆ ಸೆರಗಿನ ದಾರ ಅಂಟಿ ಎಳೆಯಿತು. ಮತ್ತೆ ಒರೆಸಿದಳು.

ಕಾಗದ ತನ್ನ ಕೈಯಲ್ಲೇ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಮೇಡಂ ಮೇಜಿನ ಮುಂದೆ ಹೋಗಿ ನಿಂತಮೇಲೆ. ಹಾಲಿನ ಅಗಲವನ್ನು ಹೇಗೆ ದಾಟಿದಳೋ ತಿಳಿಯದು. ಹಿಂದೆ ಕುರ್ಚಿ ಸರಿದ ಸದ್ದು, ಸೂಪರ್‌ವೈಸರನ ಲೇ ಲೇ ಎಂಬ ಕೂಗು. ಮೇಡಂ ತಲೆಯೆತ್ತಿದರು.

'ಡಬ್ಬೀಲಿ ಇದ್ದಿದ್ದು ನನ್ನ ಎಂಜಲು,' ಎಂದಳು. ಅವಳು ಅಂದುಕೊಂಡಿದ್ದಕ್ಕಿಂತ ದನಿ ದೊಡ್ಡದಿತ್ತು. 'ಮೂರರಲ್ಲೂ. ಪಾತ್ರೆಯಿಂದ ತೆಗೆಯೋಕೆ ಮರೆತೆ. ನಾನು ತಿಂದು ಬಿಟ್ಟಿದ್ದನ್ನ ತುಂಬಿದೆ.'

ಭೂಮಿ ಬಾಯಿ ತೆರೆಯಲಿಲ್ಲ. ಮೇಡಂ ಮುಖ ಕಿವುಚಿಕೊಳ್ಳಲಿಲ್ಲ. ಹೆಬ್ಬೆರಳು ಬಾಯಿಂದ ಹೊರಗೆ ಬಂತು, ಅಷ್ಟೇ. ಹೊಸ ಹಾಳೆ ತೆಗೆದರು. ಎಷ್ಟು ತಿಂದಿದ್ದೆ, ಅರ್ಧವೋ ಮುಕ್ಕಾಲೋ? ಕೈಯಲ್ಲೋ ಚಮಚದಲ್ಲೋ? ಬೇಳೆಯ ಬಟ್ಟಲಿಗೆ ಬಾಯಿ ಹಚ್ಚಿದ್ದೆಯಾ? ನೆಗಡಿ ಎಷ್ಟು ದಿನದಿಂದ? ತಟ್ಟೆ ಎಲ್ಲಿತ್ತು, ಎಷ್ಟು ಹೊತ್ತು, ಆ ಕಟ್ಟೆ ಮುಟ್ಟಿದರೆ ಬಿಸಿಯೋ ಬರೀ ಬೆಚ್ಚಗೋ? ನಿನ್ನ ಪಲ್ಯವೂ ಆ ದೊಡ್ಡ ಬಾಣಲೆಯದೇನಾ? ಒಂದೊಂದಕ್ಕೂ ಅವಳು ಉತ್ತರ ಕೊಟ್ಟಳು. ಹಲ್ಲಿನ ಗುರುತನ್ನು ಅದುಮಿ ಅಳಿಸಿದ್ದನ್ನೂ ಹೇಳಿದಳು, ಯಾರೂ ಕೇಳದಿದ್ದರೂ. ಸುತ್ತ ಜನ ಕೂಡಿದ್ದರು. ಯಾರೋ ಥೂ ಎಂದರು. ಮೇಡಂ ಬರೆಯುತ್ತಲೇ ಇದ್ದರು. ಅವಳ ಅಸಹ್ಯವೆಲ್ಲ ಅವರ ಹಾಳೆಯ ಮೇಲೆ ಗಂಟೆ, ನಿಮಿಷ, ಗುಟುಕು ಆಗಿ ಇಳಿಯುತ್ತಿತ್ತು. ಅದರಿಂದ ಅವಳಿಗೆ ಹಗುರವಾಗಲಿಲ್ಲ. ಐದು ದಿನ ಯಾವುದನ್ನು ಜೀವ ಹೋದರೂ ಹೇಳಲಾರೆ ಎಂದುಕೊಂಡಿದ್ದಳೋ ಅದು ಒಂದು ಹಾಳೆಯೂ ತುಂಬಲಿಲ್ಲವಲ್ಲ ಎಂದು ಒಂದು ಬಗೆಯ ಅವಮಾನವೇ ಆಯಿತು.

ಮೇಡಂ ಹಳೆಯ ಲೆಕ್ಕದ ಮೇಲೆ ಉದ್ದಕ್ಕೂ ಒಂದು ಗೆರೆ ಎಳೆದು ಸೂಪರ್‌ವೈಸರನ ಕಡೆ ತಿರುಗಿದರು. 'ಡಬ್ಬಿ ಲೆಕ್ಕ ಬಿದ್ದುಹೋಯ್ತು. ಇವರ ಕೈ ಮೇಲೆ ಏನೂ ಹೇಳೋಕೆ ಬರೋದಿಲ್ಲ. ಆ ಮೊಟ್ಟೆ ಟ್ರೇಗಳನ್ನ ಯಾರೂ ಮುಟ್ಟಬೇಡಿ, ಈಗಲೇ ಒಯ್ಯಬೇಕು. ನಾಳೆ ಬಾಗಿಲು ತೆಗೆಯೋ ಹಾಗಿಲ್ಲ.' ಪಲ್ಯದಲ್ಲಿ ಮೊಟ್ಟೆ ಸರಿಯಾಗಿ ಬೆಂದಿತ್ತೋ ಇಲ್ಲವೋ ಅದನ್ನೂ ಕೇಳಬೇಕಾಗುತ್ತದೆ ಎಂದು ದೊಡ್ಡಮ್ಮನಿಗೆ ಹೇಳಿದರು. ಕೇಳಿ ಮೇಡಂ, ಅದು ನನ್ನ ಕೆಲಸ, ಅದಕ್ಕೆ ಉತ್ತರ ಕೊಡ್ತೀನಿ ಎಂದಳು ದೊಡ್ಡಮ್ಮ. ಸೂಪರ್‌ವೈಸರ್ ಹುಡುಗಿಯ ಕೈಯಿಂದ ಕಾಗದ ಕಿತ್ತುಕೊಂಡು, ಎಲ್ಲಿಡುವುದೆಂದು ತಿಳಿಯದೆ, ನಾಲ್ಕಾಗಿ ಮಡಿಚಿ ಜೇಬಿಗೆ ತುರುಕಿದ. ಮಾದರಿ ಕೆಲಸಕ್ಕೆ ನಾಳೆಯಿಂದ ನೀನು ಬೇಡ ಎಂದ. ಉಳಿದದ್ದನ್ನು ಆಮೇಲೆ ನೋಡೋಣ ಎಂದ.

ದೊಡ್ಡಮ್ಮ ತೊಟ್ಟಿಯ ಹತ್ತಿರ ಸಿಕ್ಕಳು. ಕೈ ತೊಳೆಯುತ್ತಿರಲಿಲ್ಲ. ನಲ್ಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಬೈಗುಳಕ್ಕೋ ಏಟಿಗೋ ಸಿದ್ಧಳಾಗಿ ಅವಳು ಎದುರಿಗೆ ಹೋಗಿ ನಿಂತಳು. ದೊಡ್ಡಮ್ಮ ಮಾತಾಡಿದಳು, ತಗ್ಗಿದ ದನಿಯಲ್ಲಿ.

'ನಿನ್ನ ಎಂಜಲಿಗೆ ನನಗೇನೇ ಹೇಸಿಗೆ? ನೀನು ಮೂರು ವರ್ಷದೋಳಿದ್ದಾಗ ಉಗಿದ ತುತ್ತನ್ನೆಲ್ಲ ನಾನೇ ತಿಂದಿದ್ದೀನಿ, ಅನ್ನ ಎಸೀಬಾರದು ಅಂತ.' ಸುಲಿದ ಬೆರಳುಗಳನ್ನು ಅವಳ ಕಣ್ಣಿಗೆ ಹಿಡಿದಳು. 'ಮೂರು ದಿನ ಈ ಕೈ ಸುಟ್ಟುಕೊಳ್ತಾ ಇದ್ದೆ. ಪಕ್ಕದಲ್ಲೇ ಕೂತು ನೋಡ್ತಾ ಇದ್ದೆಯಲ್ಲ. ರಾತ್ರಿ ಚಮಚ ತಂದುಕೊಟ್ಟಿದ್ದೂ ನೀನೇ.'

ಚಮಚ ತಂದುಕೊಟ್ಟದ್ದು ನಿಜ. ಕೊಡುವಾಗ ದೊಡ್ಡಮ್ಮನ ಕೈಗೆ ತಗಲದಂತೆ ಹಿಡಿಯ ತುದಿ ಹಿಡಿದು ಕೊಟ್ಟಿದ್ದಳು. ಅದೂ ನಿಜ. ತನ್ನದೇ ಕೊಳೆ ಎಂದು ಗೊತ್ತಿದ್ದೂ ಆ ಕೈ ಕಂಡು ಅವಳಿಗೇ ಹೇಸಿಗೆಯಾಗಿತ್ತು. ಎಲ್ಲರೂ ಹೇಸಿದ್ದನ್ನು ನೋಡಿ ನೋಡಿ ಅವಳೂ ಹೇಸಿದ್ದಳು. ಇದನ್ನು ಯಾವ ಹಾಳೆಯ ಮೇಲೆ, ಯಾರ ಮುಂದೆ, ಎಷ್ಟು ಗುಟುಕು ಎಂದು ಹೇಳುವುದು?

ಸಂಜೆ ಬಸ್ಸು ತುಂಬಿತ್ತು. ದೊಡ್ಡಮ್ಮ ಮುಂದಿನ ಬಾಗಿಲಿನಿಂದ ಹತ್ತಿದಳು, ಅವಳು ಹಿಂದಿನದರಿಂದ. ದಿನಾ ಇಬ್ಬರೂ ಒಂದೇ ಕಂಬಿ ಹಿಡಿದು ನಿಲ್ಲುತ್ತಿದ್ದರು. ನಡುವೆ ಇಪ್ಪತ್ತು ಮೂವತ್ತು ಮೈಗಳು, ಕಂಕುಳು, ಬುತ್ತಿಯ ಚೀಲಗಳು, ಯಾರದೋ ಕೆಮ್ಮು. ದೊಡ್ಡಮ್ಮನಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಅವಳ ಬಿಳಿಯಾದ ತುರುಬು ಮಾತ್ರ ಕಾಣುತ್ತಿತ್ತು, ತಿರುಗದೆ. ಕಂಡಕ್ಟರ್ ಇನ್ನೂ ಮುಂದೆಯೇ ಇದ್ದ. ಸ್ವಲ್ಪ ಹೊತ್ತಿಗೆ ಒಬ್ಬ ಹೆಂಗಸು, ಹಿಂದೆ ಕೊಡಿ, ಈ ಅಮ್ಮ ತೆಗೆಸಿದ್ದು, ಆ ಹುಡುಗಿಗಂತೆ ಎಂದು ಒಂದು ಟಿಕೆಟ್ಟನ್ನು ಪಕ್ಕದವನಿಗೆ ದಾಟಿಸಿದಳು. ಅವನು ಮತ್ತೊಬ್ಬನಿಗೆ. ಆ ಇನ್ನೊಬ್ಬ ಎರಡು ಕೈಯಲ್ಲೂ ಚೀಲವಿದ್ದುದರಿಂದ ಅದನ್ನು ತುಟಿಯಲ್ಲಿ ಕಚ್ಚಿಕೊಂಡು, ಚೀಲ ಕೆಳಗಿಟ್ಟು, ಮುಂದೆ ಕೊಟ್ಟ. ಬೆರಳಿನಿಂದ ಬೆರಳಿಗೆ ಬಂದು ಅದು ಅವಳನ್ನು ತಲುಪುವ ಹೊತ್ತಿಗೆ ಮೆತ್ತಗಾಗಿ, ಒಂದು ಅಂಚು ಒದ್ದೆಯಾಗಿತ್ತು. ಅವಳು ಆ ಅಂಚನ್ನೇ ಹಿಡಿದು ತೆಗೆದುಕೊಂಡಳು. ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಇಳಿಯುವ ಜಾಗ ಬರುವವರೆಗೂ ಬೆವರಿದ ಆ ಕೈಯನ್ನು ಎಲ್ಲಿಗೂ ಒರೆಸದೆ ನಿಂತಿದ್ದಳು.